ವಾಪಸ್ ಬಂದ ಪುಸ್ತಕಕ್ಕೆ ಕಮಿಷನ್ ಉಂಟಾ?

ಪ್ರಶ್ನೆ: ಸಾಹಿತ್ಯದ ಪುಸ್ತಕಗಳನ್ನಷ್ಟೇ ತರುವ ಒಂದು ಸಣ್ಣ ಪ್ರಕಾಶನದವರು ತಮ್ಮ ಪುಸ್ತಕಗಳನ್ನು ಅಂಗಡಿಗಳಿಗೆ ಮಾರಿಕೊಡಿ ಎಂದು ಕೇಳಿದ್ದಾರೆ. ಸಂಬಳವಿಲ್ಲ, ಬರೀ ಕಮಿಷನ್. ನನಗೆ ಓದುವ ಹುಚ್ಚು ಜಾಸ್ತಿ, ಮಾರಿ ಅಭ್ಯಾಸವಿಲ್ಲ. ಒಪ್ಪಿಕೊಳ್ಳಬಹುದಾ? ಇದರಲ್ಲಿ ಜೀವನ ನಡೆಯುತ್ತಾ?

ಉತ್ತರ: ಒಪ್ಪಿಕೊಳ್ಳಿ. ಆದರೆ ಆ ಒಂದೇ ಪ್ರಕಾಶನವನ್ನು ನಂಬಿಕೊಂಡು ಈಗಿರುವ ಕೆಲಸ ಬಿಡಬೇಡಿ. ಸಣ್ಣ ಪ್ರಕಾಶನ ವರ್ಷಕ್ಕೆ ತರುವುದೇ ಬೆರಳೆಣಿಕೆಯಷ್ಟು ಪುಸ್ತಕ, ಅದರ ಕಮಿಷನ್‌ನಲ್ಲಿ ಓಡಾಟದ ಖರ್ಚು ಹುಟ್ಟಿದರೆ ಹೆಚ್ಚು. ಸ್ವತಂತ್ರವಾಗಿ ಈ ಕೆಲಸ ಮಾಡುವವರು ಸಾಮಾನ್ಯವಾಗಿ ನಾಲ್ಕಾರು ಪ್ರಕಾಶನಗಳ ಪಟ್ಟಿ ಹಿಡಿದುಕೊಂಡೇ ಹೋಗುತ್ತಾರೆ. ನಿಮಗೂ ಹೀಗೆ ಬೇರೆಯವರ ಪುಸ್ತಕ ಮಾರುವ ಸ್ವಾತಂತ್ರ್ಯ ಇರಬೇಕು. ಅದನ್ನು ಮೊದಲೇ ಕೇಳಿಬಿಡಿ.

ಆಮೇಲೆ ಕಮಿಷನ್ ಯಾವ ಮೊತ್ತದ ಮೇಲೆ ಎಂದು ಕೇಳಿ. ಮುಖಬೆಲೆ 100, ಅಂಗಡಿಗೆ ಶೇ 40 ರಿಯಾಯಿತಿ ಎಂದಿಟ್ಟುಕೊಳ್ಳಿ. ಪ್ರಕಾಶಕರ ಕೈಗೆ ಬರುವುದು 60. ನಿಮ್ಮ ಶೇ 10 ಆ 60ರ ಮೇಲಾದರೆ 6, ಮುಖಬೆಲೆಯ ಮೇಲಾದರೆ 10. ಮಾತಿನಲ್ಲಿ ಎರಡೂ 'ಹತ್ತು ಪರ್ಸೆಂಟ್' ಎಂದೇ ಕೇಳಿಸುತ್ತದೆ, ಅಲ್ವಾ?

ಎಲ್ಲಕ್ಕಿಂತ ದೊಡ್ಡ ವಿಷಯ ವಾಪಸಾತಿ. ಮಾರಾಟವಾಗದ ಪ್ರತಿಗಳನ್ನು ಅಂಗಡಿಯವರು ಹಿಂದಿರುಗಿಸುವ ಪದ್ಧತಿ ಪುಸ್ತಕ ವ್ಯಾಪಾರದಲ್ಲಿ ಹಳೆಯದು. ಅಮೆರಿಕದಲ್ಲಿ ಇದು ಬೇರೂರಿದ್ದು 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ, ಕೊಳ್ಳಲು ಹೆದರುತ್ತಿದ್ದ ಅಂಗಡಿಗಳಿಗೆ ಧೈರ್ಯ ಕೊಡಲು ಪ್ರಕಾಶಕರು ಹಿಡಿದ ದಾರಿ ಅದು. ನಿಮ್ಮ ಮಟ್ಟಿಗೆ ಇದರ ಅರ್ಥ ಇಷ್ಟೇ: ಸ್ನೇಹದ ಮೇಲೆ ಒತ್ತಾಯ ಮಾಡಿ 20 ಪ್ರತಿ ಇಳಿಸಿದಿರಿ, 14 ವಾಪಸ್ ಬಂದವು, ಆ 14ರ ಕಮಿಷನ್ ನಿಮ್ಮ ಮುಂದಿನ ಲೆಕ್ಕದಲ್ಲಿ ಕಡಿತವಾಗುತ್ತದೆ, ಸಾಗಣೆ ಖರ್ಚಿನಿಂದ ಪ್ರಕಾಶಕರಿಗೂ ಪೆಟ್ಟು, ಅಂಗಡಿಯವರು ಮುಂದಿನ ಸಲ ನಿಮ್ಮ ಮಾತು ನಂಬುವುದಿಲ್ಲ. ಐದೇ ಕೊಡಿ. ಖಾಲಿಯಾದ ಮೇಲೆ ಅವರೇ ಮತ್ತೆ ಕೇಳಲಿ.

ಮಾರಿ ಅಭ್ಯಾಸವಿಲ್ಲ ಎಂದಿದ್ದೀರಿ. ಓದುವ ಹುಚ್ಚೇ ಇಲ್ಲಿ ನಿಮ್ಮ ಬಂಡವಾಳ. ಅಂಗಡಿಯವರು ಪುಸ್ತಕ ಕೈಗೆತ್ತಿಕೊಂಡು ಮುಖಪುಟ ನೋಡುತ್ತಾರೆ, ತಿರುಗಿಸಿ ಬೆಲೆ ನೋಡುತ್ತಾರೆ, ಬೆನ್ನುಡಿಯ ಎರಡು ಸಾಲು ಓದುತ್ತಾರೆ. ನಿಮಗಿರುವ ಸಮಯ ಅಷ್ಟೇ. ಆಗ 'ಅದ್ಭುತ, ಮನಮುಟ್ಟುವ ಕೃತಿ' ಎಂದರೆ ಏನೂ ಹೇಳಿದಂತಾಗಲಿಲ್ಲ. 'ಅಜ್ಜಿ ತೀರಿಕೊಂಡ ಮೇಲೆ ಮನೆ ಪಾಲು ಮಾಡಲು ಬಂದ ಮೂವರು ಅಕ್ಕತಂಗಿಯರ ಕಥೆ, 160 ಪುಟ, ಸಣ್ಣ ಕಾದಂಬರಿ ಕೇಳಿಕೊಂಡು ಬರುವವರಿಗೆ ಕೊಡಿ' ಎಂದು ನೋಡಿ. ಯಾವ ಗಿರಾಕಿಗೆ ಕೊಡಬಹುದು ಎಂದು ಅವರಿಗೇ ಹೊಳೆಯುತ್ತದೆ. ಕವನ ಸಂಕಲನವಾದರೆ ವಿವರಿಸಲು ಹೋಗಬೇಡಿ, ಒಂದು ಒಳ್ಳೆಯ ಪುಟ ತೆರೆದು ಕೈಗೆ ಕೊಟ್ಟು ಸುಮ್ನಿರಿ. ಆ ಅಂಗಡಿಗೆ ಒಗ್ಗದ ಪುಸ್ತಕವನ್ನು ಚೀಲದಿಂದ ತೆಗೆಯಲೇಬೇಡಿ.

ಪುಸ್ತಕ ಅಚ್ಚಾಗುವ ಕೆಲವು ತಿಂಗಳ ಮೊದಲೇ ಮುಖಪುಟ, ಬೆಲೆ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಬರುವ ದಿನಾಂಕ ನಿಮ್ಮ ಕೈ ಸೇರಬೇಕು. ಸಣ್ಣ ಪ್ರಕಾಶನಗಳು ಬರಹವನ್ನು ಎಷ್ಟು ಪ್ರೀತಿಯಿಂದ ತಿದ್ದುತ್ತವೋ ಇದನ್ನು ಅಷ್ಟೇ ಮರೆಯುತ್ತವೆ, ಹಾಗಾಗಿ ಬೆನ್ನು ಬಿಡಬೇಡಿ.

ಇನ್ನು ಬರವಣಿಗೆಯಲ್ಲಿ ಬೇಕಾದದ್ದು: ನೀವು ಮಾರಬೇಕಾದ ಪ್ರದೇಶ ಯಾವುದು, ಅಲ್ಲಿನ ಅಂಗಡಿಗಳು ನೇರವಾಗಿ ಪ್ರಕಾಶಕರಿಗೇ ಆರ್ಡರ್ ಕೊಟ್ಟರೆ ನಿಮಗೆ ಪಾಲುಂಟೋ ಇಲ್ಲವೋ, ಕಮಿಷನ್ ಕೈಗೆ ಬರುವುದು ಅಂಗಡಿಗೆ ಬಿಲ್ ಮಾಡಿದಾಗಲೋ ಅಂಗಡಿಯವರು ಹಣ ಕೊಟ್ಟಾಗಲೋ, ಕೆಲಸ ಬಿಟ್ಟ ಮೇಲೆ ಬರುವ ವಾಪಸಾತಿ ಯಾರ ಲೆಕ್ಕಕ್ಕೆ. 'ನಮ್ಮನಮ್ಮಲ್ಲಿ ಬಾಯಿಮಾತೇ ಸಾಕು' ಎಂದರೆ ಜಗಳವಾಡಬೇಕಿಲ್ಲ. ಮಾತಾಡಿದ್ದನ್ನೆಲ್ಲ ನೀವೇ ಒಂದು ಇಮೇಲ್‌ನಲ್ಲಿ ಬರೆದು ಕಳಿಸಿ, 'ಸರಿ' ಎಂದು ಉತ್ತರ ತರಿಸಿಕೊಂಡ ಮೇಲೆ ಮೊದಲ ಅಂಗಡಿಗೆ ಹೊರಡಿ.