ಮಾತ್ರೆ ಮಾರಲು ಎಷ್ಟು ಜಾಗ ಬೇಕು?

ಮಲ್ಲೇಶ್ವರದ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ಕ್ರಾಸಿನ ಮೂಲೆಯ ಹೆಂಚಿನ ಮನೆ ಮಾರಾಟವಾಗಿದೆ. ಅದನ್ನು ಕೆಡವಿ ದೊಡ್ಡ ಚೈನ್ ಮೆಡಿಕಲ್ ಸ್ಟೋರ್ ಕಟ್ಟುತ್ತಾರಂತೆ. ಬೀದಿಯಲ್ಲಿ ಅರ್ಧ ಜನಕ್ಕೆ ಖುಷಿ, ಅರ್ಧ ಜನಕ್ಕೆ ಸಿಟ್ಟು. ರಿಯಾಯಿತಿ ಸಿಗುತ್ತೆ ಅಂದ್ರೆ ಬೇಡ ಅನ್ನೋದು ಹೇಗೆ? ಈಗಿರುವ ಪುಟ್ಟ ಮೆಡಿಕಲ್ ಶಾಪ್ ಮಾತ್ರ ಉಳಿಯಲಿಕ್ಕಿಲ್ಲ.”

ಚೈನ್ ಅಂಗಡಿಯ ಪರವಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ತಪ್ಪದೆ ಬಿಲ್ ಕೊಡುತ್ತಾರೆ. ರಾತ್ರಿ ತಡವಾಗಿ ಹೋದರೂ ಬಾಗಿಲು ತೆರೆದಿರುತ್ತದೆ. ಪಿಂಚಣಿಯಲ್ಲಿ ಬದುಕುವವರಿಗೆ ರಿಯಾಯಿತಿ ಸಣ್ಣ ಮಾತಲ್ಲ. ಸರಿ, ಆಯ್ತು.

ಈಗ ನನ್ನ ಮಾತು. ನಿಮ್ಮ ಪತ್ರದ ಕೊನೆಯ ಸಾಲೇ ಮೊದಲ ಸಾಲಾಗಬೇಕಿತ್ತು ಸ್ವಾಮಿ.

ನಮ್ಮ ಚಿಕ್ಕಮ್ಮ ಒಮ್ಮೆ ಹೊಸ ಡಾಕ್ಟರ ಚೀಟಿ ಹಿಡಿದು ಬೀದಿಯ ಮೆಡಿಕಲ್ ಶಾಪಿಗೆ ಹೋದರು. ಅಂಗಡಿಯವರು ಸ್ಟ್ರಿಪ್ ಕತ್ತರಿಸಲು ಹೊರಟವರು ಕತ್ತರಿ ಕೆಳಗಿಟ್ಟರು. “ಅಮ್ಮಾ, ಹೋದ ತಿಂಗಳು ಒಯ್ದಿದ್ರಲ್ಲ, ಅದರಲ್ಲೂ ಇದೇ ಔಷಧಿ. ಕಂಪನಿ ಹೆಸರು ಮಾತ್ರ ಬೇರೆ. ಎರಡೂ ತಗೊಂಡ್ರೆ ಬಿಪಿ ತೀರಾ ಇಳಿಯುತ್ತೆ. ಡಾಕ್ಟ್ರನ್ನ ಕೇಳಿ” ಎಂದರು. ಕೇಳಿದರೆ ಅವರು ಹೇಳಿದ್ದೇ ಸರಿ. ಆಮೇಲೆ ಡಾಕ್ಟರು ಉಳಿಸಿದ ಒಂದೇ ಔಷಧಿಯ ಹತ್ತು ಮಾತ್ರೆ ಕತ್ತರಿಸಿ, ಕಂದು ಕವರಿಗೆ ಹಾಕಿ, ಮೇಲೆ ಪೆನ್ನಿನಲ್ಲಿ “ರಾತ್ರಿ ಊಟ ಆದ್ಮೇಲೆ 1” ಅಂತ ಬರೆದುಕೊಟ್ಟರು. ಆಗಾಗ ಹುಡುಗರು ಬದಲಾಗುವ ಕೌಂಟರಿನಲ್ಲಿ ಇದನ್ನು ಯಾರು ಹೇಳುತ್ತಾರೆ?

ರಿಯಾಯಿತಿ ಕೊಡಲ್ಲ ಅಂತ ಇಂಥವರ ಮೇಲೆ ದೂರು. 2013ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲಿ ಗರಿಷ್ಠ ಬೆಲೆ ಲೆಕ್ಕ ಹಾಕುವಾಗ ಚಿಲ್ಲರೆ ಅಂಗಡಿಗೆ ಇಟ್ಟಿರುವ ಮಾರ್ಜಿನ್ ಶೇ 16. ಅದರಲ್ಲೇ ಬಾಡಿಗೆ, ಕರೆಂಟು, ಸಂಬಳ. ದುಡ್ಡು ಉಳಿಸುವುದೇ ಮುಖ್ಯವಾದರೆ ಡಾಕ್ಟರನ್ನು ಕೇಳಿಕೊಂಡು ಜನೌಷಧಿ ಕೇಂದ್ರಕ್ಕೆ ಹೋಗಿ. ಅಲ್ಲಿ ಇನ್ನೂ ಅಗ್ಗ. ಇನ್ನು ಜಾಗದ ವಿಷಯ. ಔಷಧ ನಿಯಮಗಳ ಪ್ರಕಾರ ಚಿಲ್ಲರೆ ಅಂಗಡಿಗೆ 10 ಚದರ ಮೀಟರ್ ಇದ್ದರೆ ಸಾಕು. ಇಡೀ ಮನೆ ಕೆಡವುವುದು ಮಾತ್ರೆ ಇಡುವುದಕ್ಕಲ್ಲ, ಶಾಂಪೂ, ಬಿಸ್ಕತ್ತು, ಡಯಾಪರ್ ಜೋಡಿಸುವುದಕ್ಕೆ.

ಅಮೆರಿಕದವರು ಈ ಜಗಳವನ್ನು ನಮಗಿಂತ ಮೊದಲೇ ಆಡಿದ್ದಾರೆ. ಊರ ನಡುವಿನ ಒಳ್ಳೊಳ್ಳೆ ಮೂಲೆ ನೋಡಿ, ಹಳೆ ಕಟ್ಟಡ ಕೆಡವಿ, ಡ್ರಗ್‌ಸ್ಟೋರ್ ಚೈನ್‌ಗಳು ಡಬ್ಬದಂಥ ಅಂಗಡಿ ಎಬ್ಬಿಸುತ್ತಿದ್ದವು. 1999ರಲ್ಲಿ ಅಲ್ಲಿನ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಷನ್, ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಈ ಪೇಟೆ ಮೂಲೆಗಳನ್ನೇ ಸೇರಿಸಿತು. ಮುಂದೇನಾಯ್ತು ನೋಡಿ. 1962ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಶುರುವಾದ ಇಂಥದ್ದೇ ಚೈನ್ ರೈಟ್ ಏಡ್ 2023ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ದಿವಾಳಿ ಅರ್ಜಿ ಹಾಕಿ ಅದೇ ವರ್ಷ ಪೂರ್ತಿ ಬಾಗಿಲು ಮುಚ್ಚಿತು. ಇನ್ನೊಂದು ಚೈನ್ ವಾಲ್‌ಗ್ರೀನ್ಸ್ ಸುಮಾರು 1,200 ಅಂಗಡಿ ಮುಚ್ಚುವುದಾಗಿ 2024ರಲ್ಲಿ ಹೇಳಿತು. ಚೈನ್ ಬಂದಾಗ ವ್ಯಾಪಾರ ಬಿಟ್ಟ ಸಣ್ಣ ಅಂಗಡಿಯವನು, ಚೈನ್ ಹೋಯಿತು ಅಂತ ವಾಪಸ್ ಬರುತ್ತಾನಾ?

ಒಂದು ಮಾತು, ಬೇಜಾರಾಗಬೇಡಿ. ಸಿಟ್ಟು ಮಾಡಿಕೊಂಡಿರುವ ಆ ಅರ್ಧ ಬೀದಿ ಕೂಡ ತಿಂಗಳ ಮಾತ್ರೆಯನ್ನು ಮೊಬೈಲಿನಲ್ಲಿ ತರಿಸಿಕೊಂಡು, ರಾತ್ರಿ ಜ್ವರ ಬಂದಾಗ ಮಾತ್ರ ಅದೇ ಪುಟ್ಟ ಅಂಗಡಿಯ ಶಟರ್ ಬಡಿಯುತ್ತದೆ. ಅಲ್ವಾ?

1898ರ ಪ್ಲೇಗಿನ ಕಾಲದಲ್ಲಿ, ಜನಕ್ಕೆ ಗಾಳಿ ಬೆಳಕು ಸಿಗಲಿ ಅಂತ ಬೆಳೆದ ಬಡಾವಣೆ ನಿಮ್ಮದು. ಈಗ ಅಲ್ಲೂ ಫುಟ್‌ಪಾತ್ ಮೇಲೆ ಸ್ಕೂಟರು, ಚರಂಡಿ ಮೇಲೆ ಜನರೇಟರು. ಹೇಳೋಣ ಅಂದರೆ ಯಾರಿಗೆ? ಬಿಬಿಎಂಪಿ ಸದಸ್ಯರ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲ. 2025ರಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ಬೋರ್ಡು ಬದಲಾಯಿತು, ಅಷ್ಟೇ.

ನಿಮ್ಮ ಬಡಾವಣೆ ಸಂಘದವರು ಸುಮ್ನೆ ಬ್ಯಾನರ್ ಕಟ್ಟುವುದು ಬೇಡ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಆ ಕಟ್ಟಡದ ಮಂಜೂರಾದ ನಕ್ಷೆ ಕೇಳಿ. ಮನೆಗೆ ಕೊಟ್ಟದ್ದೋ, ಅಂಗಡಿಗೋ, ಪಾರ್ಕಿಂಗ್ ಎಲ್ಲಿ ತೋರಿಸಿದ್ದಾರೆ, ನೋಡಿ. 30 ದಿನದಲ್ಲಿ ಉತ್ತರ ಕೊಡಬೇಕು. ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಅಚ್ಚು ಹಾಕುತ್ತೇವೆ.

— ಸಂಪಾದಕ