ಹದಿಹರೆಯದ ಸ್ಕೇಟರ್‌ಗಳಲ್ಲಿ ಪ್ರೌಢಿಮೆಯನ್ನು ಎಲ್ಲಿ ನೋಡಬೇಕು?

ಪುಣೆಯಲ್ಲಿ ರೋಲರ್ ಸ್ಕೇಟಿಂಗ್‌ನ ಆರ್ಟಿಸ್ಟಿಕ್ ವಿಭಾಗದಲ್ಲಿ ಅಭ್ಯಾಸ ಮಾಡುತ್ತಿರುವ ನಿಮ್ಮ 12 ವರ್ಷದ ಮಗಳಿಗೆ ತೀರ್ಪುಗಾರರೊಬ್ಬರು "ಜಂಪ್‌ಗಳೆಲ್ಲ ಚೆನ್ನಾಗಿವೆ, ಪ್ರೌಢಿಮೆ ಮಾತ್ರ ಇಲ್ಲ" ಎಂದು ಹೇಳಿದರೆಂದು ಬರೆದಿದ್ದೀರಿ. ಟೀವಿಯಲ್ಲಿ ಫಿಗರ್ ಸ್ಕೇಟಿಂಗ್ ನೋಡುವಾಗ 15, 16 ವರ್ಷದ ಹುಡುಗಿಯರ ಬಗ್ಗೆ ವೀಕ್ಷಕ ವಿವರಣೆಗಾರರು ಇದೇ ಮಾತನ್ನು ಆಡುವುದನ್ನೂ ಕೇಳಿದ್ದೀರಿ. ಹಾಗೆಂದರೆ ಅವರು ನಿಜವಾಗಿ ಏನನ್ನು ನೋಡುತ್ತಿದ್ದಾರೆ, ಇನ್ನೂ ಮಗುವಾಗಿರುವವಳಲ್ಲಿ ಪ್ರೌಢಿಮೆಯನ್ನು ಹುಡುಕುವುದು ನ್ಯಾಯವೇ ಎಂಬುದು ನಿಮ್ಮ ಪ್ರಶ್ನೆ.

ನಾನು ಮುಂಬಯಿಯ ಮಾಟುಂಗಾದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಭರತನಾಟ್ಯ ಕಲಿಸುತ್ತಿದ್ದೇನೆ. ಫಿಗರ್ ಸ್ಕೇಟಿಂಗನ್ನು 1990ರ ದಶಕದಿಂದ ಬಿಡದೆ ನೋಡುತ್ತ ಬಂದಿದ್ದೇನೆ. ನೃತ್ಯ ಸ್ಪರ್ಧೆಗಳಲ್ಲಿ ತೀರ್ಪುಗಾರಳಾಗಿ ಕುಳಿತು ಇದೇ ಪದವನ್ನು ನಾನೂ ಅಂಕಪಟ್ಟಿಯ ಅಂಚಿನಲ್ಲಿ ಬರೆದದ್ದುಂಟು. ಆದ್ದರಿಂದ ಈ ಪದ ಎಲ್ಲಿ ಸತ್ಯವನ್ನು ಹೇಳುತ್ತದೆ, ಎಲ್ಲಿ ತೀರ್ಪುಗಾರರ ಸೋಮಾರಿತನವನ್ನು ಮುಚ್ಚುತ್ತದೆ ಎಂಬುದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ಪ್ರೌಢಿಮೆಯನ್ನು ಚಲನೆಯಲ್ಲಿ ನೋಡಬೇಕೇ ಹೊರತು ಹುಡುಗಿಯ ಮುಖದಲ್ಲಿ, ಮೈಕಟ್ಟಿನಲ್ಲಿ, ಉಡುಪಿನಲ್ಲಿ ಅಲ್ಲ.

ಮೊದಲು ಅಂಕಗಳ ವಿಚಾರ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ಸ್ಪರ್ಧೆಯ ತೀರ್ಪಿನ ಹಗರಣದ ನಂತರ 6.0 ಅನ್ನು ಗರಿಷ್ಠ ಅಂಕವಾಗಿಟ್ಟುಕೊಂಡಿದ್ದ ಹಳೆಯ ಪದ್ಧತಿ ಹೋಗಿ, ಪ್ರತಿಯೊಂದು ಜಂಪ್, ಸ್ಪಿನ್ ಮತ್ತು ಹೆಜ್ಜೆಗಳ ಸರಣಿಗೆ ಬೇರೆ ಬೇರೆ ಅಂಕ ಕೊಡುವ ಈಗಿನ ಪದ್ಧತಿ ಬಂತು. ಅದರ ಜೊತೆಗೆ ಇಡೀ ಪ್ರದರ್ಶನಕ್ಕೆ 10ರವರೆಗೆ, ಕಾಲು ಕಾಲು ಅಂಕದ ಅಂತರದಲ್ಲಿ ಕೊಡುವ ಕಾಂಪೊನೆಂಟ್ ಅಂಕಗಳಿವೆ. ಇವು ಮೊದಲು ಐದಿದ್ದವು. 2022ರಿಂದ ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಎಂದು ಮೂರಾದವು. ಈ ಮೂರರಲ್ಲಿ ಯಾವುದರ ಹೆಸರೂ ಪ್ರೌಢಿಮೆ ಎಂದಲ್ಲ. ಆದರೂ ಮನುಷ್ಯರು ಕೊಡುವ ಅಂಕವಾದ್ದರಿಂದ ಆ ಭಾವನೆ ಈ ಮೂರರೊಳಗೂ ನುಸುಳಿ ಕೆಲಸ ಮಾಡುತ್ತದೆ.

ಅದು ಕೆಲಸ ಮಾಡುವ ಬಗೆ 2018ರ ಪ್ಯಾಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಸ್ಪಷ್ಟವಾಗಿ ಕಾಣಿಸಿತು. 15 ವರ್ಷದ ಅಲೀನಾ ಜಗಿಟೋವಾ ಮತ್ತು 18 ವರ್ಷದ ಎವ್ಗೇನಿಯಾ ಮೆಡ್ವೆಡೆವಾ ಇಬ್ಬರಿಗೂ ಫ್ರೀ ಸ್ಕೇಟ್‌ನಲ್ಲಿ, ಅಂದರೆ ಎರಡನೆಯ ದೀರ್ಘ ಸುತ್ತಿನಲ್ಲಿ, ಸಿಕ್ಕಿದ್ದು ಸರಿಯಾಗಿ 156.65 ಅಂಕ. ಒಳಗೆ ಬಿಡಿಸಿ ನೋಡಿದರೆ ಜಗಿಟೋವಾಗೆ ತಾಂತ್ರಿಕ ಅಂಕ 81.62, ಕಾಂಪೊನೆಂಟ್ 75.03, ಮೆಡ್ವೆಡೆವಾಗೆ 79.18 ಮತ್ತು 77.47. ಶಾರ್ಟ್ ಪ್ರೋಗ್ರಾಂ ಎಂಬ ಮೊದಲ ಚಿಕ್ಕ ಸುತ್ತಿನಲ್ಲಿ ಸಿಕ್ಕಿದ್ದ ಸ್ವಲ್ಪ ಮುನ್ನಡೆಯಿಂದ ಚಿನ್ನ ಕಿರಿಯವಳ ಪಾಲಾಯಿತು. ಜಗಿಟೋವಾ ತನ್ನ ಫ್ರೀ ಸ್ಕೇಟ್‌ನ ಎಲ್ಲ ಜಂಪ್‌ಗಳನ್ನೂ ದ್ವಿತೀಯಾರ್ಧಕ್ಕೆ ಇಟ್ಟುಕೊಂಡಿದ್ದಳು, ಏಕೆಂದರೆ ಆಗಿನ ನಿಯಮದಂತೆ ದಣಿದ ಕಾಲಿನಲ್ಲಿ ಮಾಡುವ ಆ ಜಂಪ್‌ಗಳಿಗೆ ಶೇ. 10ರಷ್ಟು ಹೆಚ್ಚು ಅಂಕವಿತ್ತು. ಆ ಹುಡುಗಿಯ ಧೈರ್ಯಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ. ಆದರೆ ಭರತನಾಟ್ಯದ ದೀರ್ಘ ಕೃತಿಯಾದ ವರ್ಣವನ್ನು ಸಂಯೋಜಿಸುವವಳ ಕಣ್ಣಿನಿಂದ ನೋಡಿದಾಗ, ಮೊದಲ ಅರ್ಧವೆಲ್ಲ ಪೀಠಿಕೆಯಾಗಿಯೇ ಉಳಿದು, ಎರಡನೆಯ ಅರ್ಧದಲ್ಲಿ ಉಸಿರಾಡಲು ಜಾಗವೇ ಇಲ್ಲದಂತಾಗಿತ್ತು. ಅದು ಹುಡುಗಿಯ ಅಪಕ್ವತೆಯಲ್ಲ, ಲೆಕ್ಕಾಚಾರದ ಸಂಯೋಜನೆಯ ದೋಷ. ಅದೇ ವರ್ಷ ನಿಯಮ ಬದಲಾಗಿ, ಫ್ರೀ ಸ್ಕೇಟ್‌ನಲ್ಲಿ ಕೊನೆಯ ಮೂರು ಜಂಪ್‌ಗಳಿಗೆ ಮಾತ್ರ ಆ ಹೆಚ್ಚುವರಿ ಅಂಕ ಉಳಿಯಿತು.

ಕಿರಿಯರಿಗೆ ಜಂಪ್‌ಗಳಲ್ಲಿ ಅನುಕೂಲವಿರುವುದು ನಿಜ. ದೇಹ ಸಪೂರವಾಗಿದ್ದಷ್ಟೂ, ಕೈಕಾಲು ಮೈಗೆ ಒತ್ತಿಕೊಂಡಷ್ಟೂ ಗಾಳಿಯಲ್ಲಿ ಬೇಗ ತಿರುಗಬಹುದು. ಬೆಳವಣಿಗೆಯ ವರ್ಷಗಳಲ್ಲಿ ಎತ್ತರ ಮತ್ತು ತೂಕ ಬದಲಾದಾಗ ಅದೇ ಜಂಪ್‌ನ ಕಾಲಮಾಪನವನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. 2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು ಹಂತ ಹಂತವಾಗಿ 15ರಿಂದ 17ಕ್ಕೆ ಏರಿಸಲು ತೀರ್ಮಾನಿಸಿದ್ದು ಮುಖ್ಯವಾಗಿ ಈ ಮಕ್ಕಳ ದೇಹ ಮತ್ತು ಮನಸ್ಸಿನ ಆರೋಗ್ಯಕ್ಕಾಗಿ. ಆ ತೀರ್ಮಾನವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ 17 ತುಂಬಿದ ದಿನವೇ ಕಲೆ ಕೈಗೂಡುತ್ತದೆ ಎಂದು ಅದಕ್ಕೆ ಅರ್ಥ ಹಚ್ಚುವುದು ತಪ್ಪು.

ಈಗ ನನ್ನ ಕಡೆಯಿಂದ ಆದ ಒಂದು ತಪ್ಪನ್ನು ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಒಳತಿರುಳು ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಬಹಳ ವರ್ಷಗಳ ಹಿಂದೆ, ಅಂಗಶುದ್ಧಿಯಲ್ಲಿ, ಅಂದರೆ ನಿಲುವು ಚಲನೆಗಳ ಅಚ್ಚುಕಟ್ಟಿನಲ್ಲಿ, ಎಲ್ಲರನ್ನೂ ಮೀರಿಸಿದ್ದ 13 ವರ್ಷದ ಶಿಷ್ಯೆಯೊಬ್ಬಳಿಗೆ, ಸ್ಪರ್ಧೆಯಲ್ಲಿ ಅವಳ "ಪ್ರೌಢಿಮೆ" ಕಾಣಲಿ ಎಂಬ ಆಸೆಯಿಂದ, ವಿರಹಿಣಿ ನಾಯಿಕೆಯ ಪದವೊಂದನ್ನು, ಅಂದರೆ ಅಭಿನಯದ ಹಾಡೊಂದನ್ನು, ಕಲಿಸಿದೆ. ಹುಬ್ಬು ಎಷ್ಟು ಏರಬೇಕು, ನಿಟ್ಟುಸಿರು ಯಾವ ಅಕ್ಷರದ ಮೇಲೆ ಬರಬೇಕು, ಕತ್ತು ಯಾವ ಕಡೆ ವಾಲಬೇಕು ಎಂದು ಎಲ್ಲವನ್ನೂ ತಾಳಕ್ಕೆ ಕೂರಿಸಿ ಹೇಳಿಕೊಟ್ಟಿದ್ದೆ, ಅವಳು ಒಂದನ್ನೂ ತಪ್ಪದೆ ಮಾಡಿದಳು. ಸಭೆ ಮೆಚ್ಚಿತು. ನಾನು ಪಕ್ಕದಲ್ಲಿ ಕುಳಿತು ತಾಳ ಹಿಡಿದು ನಟ್ಟುವಾಂಗ ಮಾಡುತ್ತಿದ್ದೆ. ನಾಯಕ ಬರುವ ದಾರಿಯನ್ನು ನೋಡಬೇಕಾದ ಸಾಲಿನಲ್ಲಿ ಅವಳ ಕಣ್ಣು ಆ ದಾರಿಯನ್ನು ನೋಡದೆ ನನ್ನನ್ನು ನೋಡಿತು. ಹುಬ್ಬು ಸರಿಯಾದ ಎತ್ತರಕ್ಕೆ ಏರಿದೆಯೇ ಎಂದು ಅವಳು ನನ್ನನ್ನು ಕೇಳುತ್ತಿದ್ದಳು. ಮರುವರ್ಷ ಅವಳಿಗೆ ಕೃಷ್ಣನ ತುಂಟಾಟದ ದಾಸರ ಪದವೊಂದನ್ನು ಕೊಟ್ಟೆ. ಮನೆಯಲ್ಲಿ ಅವಳಿಗೆ ನಾಲ್ಕು ವರ್ಷದ ತಮ್ಮನಿದ್ದ. ಬೆಣ್ಣೆ ಮೆತ್ತಿದ ಬಾಯನ್ನು ಒರೆಸುವ ಕಡೆ, ನಾನು ಕಲಿಸದೆಯೇ, ಅವಳು ಎಡಗೈಯಿಂದ ಮಗುವಿನ ಗಲ್ಲವನ್ನು ಹಿಡಿದು, ಮಗು ಮುಖ ತಿರುಗಿಸಿದಾಗ ಒಂದು ಕ್ಷಣ ಕಾದು, ಮತ್ತೆ ಒರೆಸಿದಳು. ಆ ಕಾಯುವಿಕೆಗೆ ನಾನು ಪ್ರೌಢಿಮೆ ಎನ್ನುತ್ತೇನೆ. ಅವಳಿಗೆ ಆಗ 14 ವರ್ಷ.

ಸ್ಕೇಟಿಂಗ್‌ನಲ್ಲಿಯೂ ಇದೇ ಗೊಂದಲ ನಡೆಯುತ್ತದೆ. ಅಮೆರಿಕದ ಮಿಶೆಲ್ ಕ್ವಾನ್ 1995ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ, ಅವಳು ಇನ್ನೂ ಚಿಕ್ಕ ಹುಡುಗಿಯ ಹಾಗೆ ಕಾಣುತ್ತಾಳೆ ಎಂಬ ಮಾತು ಕೇಳಿಬಂತು. ಮುಂದಿನ ಋತುವಿನಲ್ಲಿ ಅವಳು ತುರುಬು ಕಟ್ಟಿ, ಮುಖಕ್ಕೆ ಗಾಢವಾದ ಬಣ್ಣ ಹಚ್ಚಿ, ಬೈಬಲ್ ಕಥೆಯ ಮೋಹಕ ನರ್ತಕಿ ಸಲೋಮೆಯ ಪಾತ್ರದಲ್ಲಿ ಬಂದು, 15ನೆಯ ವಯಸ್ಸಿಗೇ ವಿಶ್ವ ಚಾಂಪಿಯನ್ ಆದಳು. ಎಲ್ಲರ ನೆನಪಿನಲ್ಲಿ ಉಳಿದದ್ದು ಆ ಬಣ್ಣ ಮತ್ತು ಆ ಪಾತ್ರ. ನನಗೆ ಕಂಡದ್ದು ಬೇರೆ: ಜಂಪ್ ಮುಗಿದ ಮೇಲೆ ತೋಳು ತನ್ನ ಸಾಲನ್ನು ಪೂರ್ತಿ ಮುಗಿಸಿಯೇ ಇಳಿಯುತ್ತಿತ್ತು, ಒಂದು ಹೆಜ್ಜೆಯ ಕೊನೆ ಇನ್ನೊಂದರ ಮೊದಲಾಗುತ್ತಿತ್ತು, ಸಂಗೀತ ತಗ್ಗಿದ ಕಡೆ ಅವಳು ಧಾವಿಸುತ್ತಿರಲಿಲ್ಲ. ಬಣ್ಣವನ್ನು ತೊಳೆದಿದ್ದರೂ ಅದು ಉಳಿಯುತ್ತಿತ್ತು. 15 ವರ್ಷದ ಮಗುವಿಗೆ ಮೋಹಿನಿಯ ವೇಷ ಹಾಕಿಸಿದರೆ ಮಾತ್ರ ತೀರ್ಪುಗಾರರ ಕಣ್ಣಿಗೆ ಬೀಳುತ್ತದೆ ಎಂಬ ಪರಿಸ್ಥಿತಿ ಇದ್ದರೆ, ತಿದ್ದಿಕೊಳ್ಳಬೇಕಾದವರು ತೀರ್ಪುಗಾರರು.

2014ರ ಸೋಚಿ ಒಲಿಂಪಿಕ್ಸ್‌ನಲ್ಲಿ 15 ವರ್ಷದ ಯೂಲಿಯಾ ಲಿಪ್ನಿಟ್ಸ್‌ಕಾಯಾ ಕೆಂಪು ಉಡುಪು ತೊಟ್ಟು, ಯಹೂದಿ ನರಮೇಧದ ಕುರಿತ ಚಲನಚಿತ್ರವೊಂದರ ಕೆಂಪು ಕೋಟಿನ ಬಾಲಕಿಯಾಗಿ ಸ್ಕೇಟ್ ಮಾಡಿದ್ದನ್ನು ನೀವು ನೋಡಿರಬಹುದು. ವಸ್ತು ಎಷ್ಟೇ ಭಾರವಾಗಿದ್ದರೂ ಪಾತ್ರ ಒಂದು ಮಗುವಿನದು, ಆದ್ದರಿಂದ ಮಗುವಿನ ಮೈ ಅದಕ್ಕೆ ಸುಳ್ಳು ಹೇಳಬೇಕಾಗಿರಲಿಲ್ಲ. ಅವಳು 2017ರಲ್ಲಿ, 19ನೆಯ ವಯಸ್ಸಿನಲ್ಲಿ, ದಪ್ಪವಾಗುವ ಭಯದಿಂದ ಊಟ ಬಿಡುವ ಅನೊರೆಕ್ಸಿಯಾ ಕಾಯಿಲೆಯ ಚಿಕಿತ್ಸೆಯ ನಂತರ ಕ್ರೀಡೆಯಿಂದ ನಿವೃತ್ತಳಾದಳು. ಅದನ್ನು ಓದಿದ ದಿನದಿಂದ, ಬೆಳೆಯುತ್ತಿರುವ ಹುಡುಗಿಯ ಮೈಯ ಬಗ್ಗೆ ತರಗತಿಯಲ್ಲಾಗಲಿ, ಅಂಕಪಟ್ಟಿಯಲ್ಲಾಗಲಿ ಒಂದು ಮಾತನ್ನೂ ಆಡಬಾರದೆಂದು ನಿರ್ಧರಿಸಿದೆ. ತಾಯಂದಿರು ಕೇಳಿದರೂ ಆಡುವುದಿಲ್ಲ.

ಹಾಗಾದರೆ ಏನನ್ನು ನೋಡಬೇಕು? ಮೊದಲು ಪಾದ. ಮಂಜುಗಡ್ಡೆಯ ಸ್ಕೇಟ್‌ನ ಬ್ಲೇಡಿನ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಇರುತ್ತದೆ, ಅದರಿಂದಾಗಿ ಒಂದೇ ಬ್ಲೇಡಿಗೆ ಒಳ ಅಂಚು ಮತ್ತು ಹೊರ ಅಂಚು ಎಂದು ಎರಡು ಅಂಚುಗಳಾಗುತ್ತವೆ. ಸ್ಕೇಟರ್ ಯಾವ ಅಂಚಿನ ಮೇಲೆ ಮೈಭಾರ ಬಿಡುತ್ತಾಳೋ ಆ ಕಡೆಗೆ ದಾರಿ ಬಾಗುತ್ತದೆ. ನಿಮ್ಮ ಮಗಳ ಸ್ಕೇಟ್‌ನ ಚಕ್ರಗಳೂ ಪಾದ ವಾಲಿದ ಕಡೆಗೇ ತಿರುಗುತ್ತವೆ, ಆದ್ದರಿಂದ ಈ ಮಾತು ಅವಳಿಗೂ ಅನ್ವಯಿಸುತ್ತದೆ. ಅಂಚಿನ ಮೇಲೆ ನಂಬಿಕೆ ಇರುವವಳು ಕಣಕಾಲಿನಿಂದ ತಲೆಯವರೆಗೆ ಇಡೀ ಮೈಯನ್ನು ಒಂದೇ ರೇಖೆಯಾಗಿ ವಾಲಿಸಿ ದೊಡ್ಡ ಕಮಾನನ್ನು ಬರೆಯುತ್ತಾಳೆ; ನಂಬಿಕೆ ಇಲ್ಲದವಳು ಸೊಂಟದಲ್ಲಿ ಮುರಿದು, ನೇರವಾದ ಸಣ್ಣ ಹೆಜ್ಜೆಗಳಿಂದ ವೇಗ ಕೂಡಿಸಿಕೊಳ್ಳುತ್ತಾಳೆ. ಜಪಾನಿನ ಕಾವೋರಿ ಸಕಾಮೊಟೊ 2022, 2023, 2024ರಲ್ಲಿ ಸತತವಾಗಿ ಮೂರು ಸಲ ವಿಶ್ವ ಚಾಂಪಿಯನ್ ಆದದ್ದು ಮೂರೂವರೆ ಸುತ್ತಿನ ಆಕ್ಸೆಲ್ ಎಂಬ ಜಂಪ್ ಆಗಲಿ, ನಾಲ್ಕು ಸುತ್ತಿನ ಜಂಪ್ ಆಗಲಿ ಇಲ್ಲದೆ. ಎರಡು ಮೂರು ತಳ್ಳುಗಳಲ್ಲಿ ಅವಳು ರಿಂಕ್‌ನ ಉದ್ದವನ್ನು ದಾಟುವ ರೀತಿಯನ್ನು, ಆ ವೇಗವನ್ನು ಕಳೆದುಕೊಳ್ಳದೆಯೇ ಜಂಪ್‌ಗೆ ಏರಿ ಅದೇ ವೇಗದಲ್ಲಿ ಹೊರಬರುವುದನ್ನು ನೋಡಿ. ಅದು ಮುಖದಲ್ಲಿ ಕಾಣುವ ವಿದ್ಯೆಯಲ್ಲ, ಮೊಣಕಾಲಿನ ಮಡಿಕೆಯಲ್ಲಿ ಕಾಣುವ ವಿದ್ಯೆ.

ಎರಡನೆಯದಾಗಿ, ಚಲನೆಯ ಕೊನೆ. ನಮ್ಮ ತರಗತಿಯಲ್ಲಿ ಚಿಕ್ಕ ಮಕ್ಕಳ ಕೈ ಅರಳಿದ ಕಮಲದ ಮುದ್ರೆಯಾದ ಅಲಪದ್ಮಕ್ಕೆ ತಾಳದ ಅರ್ಧ ಅಕ್ಷರ ಮುಂಚೆಯೇ ತಲುಪಿ, ಅಲ್ಲಿ ತಾಳಕ್ಕಾಗಿ ಸುಮ್ಮನೆ ನಿಂತಿರುತ್ತದೆ. ಮಾಗಿದ ಕೈ ತಾಳ ಬೀಳುವಾಗ ಅರಳುತ್ತಿರುತ್ತದೆ, ತಾಳ ಬಿದ್ದ ಮೇಲೂ ಒಂದಿಷ್ಟು ಅರಳುತ್ತಲೇ ಇರುತ್ತದೆ. ಸ್ಕೇಟರ್ ಜಂಪ್‌ನಿಂದ ಇಳಿದ ಮೇಲೆ ಒಂಟಿ ಕಾಲಿನ ಮೇಲೆ ಹಿಂದಕ್ಕೆ ಸಾಗುವ ಆ ಎರಡು ಸೆಕೆಂಡ್‌ಗಳಲ್ಲಿ ಇದು ಎದ್ದು ಕಾಣುತ್ತದೆ: ಕೆಲವರು ಇಳಿದ ಕೂಡಲೇ ಮುಂದಿನ ಜಂಪ್‌ನ ತಯಾರಿಗೆ ಓಡುತ್ತಾರೆ, ಕೆಲವರು ಆ ಇಳಿತವನ್ನೇ ಸಂಗೀತದ ಒಂದು ಸಾಲಾಗಿ ಮಾಡುತ್ತಾರೆ.

ಮುಖಭಾವವನ್ನು ನಾನು ಕೊನೆಗೆ ನೋಡುತ್ತೇನೆ. ನೋವಿನ ಸಂಗೀತಕ್ಕೆ ಮುಖ ಹಿಂಡಿಕೊಳ್ಳುವುದು, ಎದೆಯ ಮೇಲೆ ಕೈ ಇಟ್ಟುಕೊಳ್ಳುವುದು, ತೀರ್ಪುಗಾರರ ಮೇಜಿನ ಮುಂದೆ ಬಂದಾಗ ಮಾತ್ರ ನಗುವುದು, ಇವೆಲ್ಲ ನನ್ನ ಆ ಶಿಷ್ಯೆಯ ಹುಬ್ಬಿನ ಹಾಗೆ ಹೇಳಿಸಿಕೊಂಡು ಬಂದವು. ಬೆನ್ನು ಮಾತ್ರ ಹೇಳಿಸಿಕೊಂಡು ಸುಳ್ಳಾಡುವುದಿಲ್ಲ. ಸ್ಕೇಟರ್ ನಮಗೆ ಬೆನ್ನು ಮಾಡಿ ದೂರ ಹೋಗುತ್ತಿರುವಾಗಲೂ ಸಂಗೀತ ಅವಳ ಬೆನ್ನಿನಲ್ಲಿ ಕಾಣುತ್ತಿದ್ದರೆ ನಾನು ಪೂರ್ಣ ಮನಸ್ಸಿನಿಂದ ಅಂಕ ಕೊಡುತ್ತೇನೆ.

ಅಮೆರಿಕದ ಅಲಿಸಾ ಲಿಯು ಇದಕ್ಕೆ ಒಳ್ಳೆಯ ಉದಾಹರಣೆ. 2019ರಲ್ಲಿ, 13ನೆಯ ವಯಸ್ಸಿಗೆ ತನ್ನ ದೇಶದ ಚಾಂಪಿಯನ್ ಆದವಳು, 16ನೆಯ ವಯಸ್ಸಿಗೆ ಸಾಕೆಂದು ನಿವೃತ್ತಳಾದಳು. ಎರಡು ವರ್ಷ ಬಿಟ್ಟು, ಸಂಗೀತ ಮತ್ತು ಉಡುಪಿನ ವಿಷಯದಲ್ಲಿ ತನ್ನ ಮಾತು ನಡೆಯಬೇಕೆಂದು ಹೇಳಿ ಮರಳಿದಳು. 2025ರಲ್ಲಿ ಬಾಸ್ಟನ್‌ನಲ್ಲಿ, 19ನೆಯ ವಯಸ್ಸಿನಲ್ಲಿ, ವಿಶ್ವ ಚಾಂಪಿಯನ್ ಆದಳು. ಚಿಕ್ಕವಳಿದ್ದಾಗ ಮಾಡುತ್ತಿದ್ದ ಅತಿ ಕಠಿಣವಾದ ಜಂಪ್‌ಗಳು ಈ ಸಲ ಇರಲಿಲ್ಲ. ಅವಳ ಎರಡು ಕಾಲದ ವಿಡಿಯೊಗಳನ್ನೂ ಮಗಳೊಂದಿಗೆ ಕುಳಿತು ನೋಡಿ. ಭುಜಗಳು ಎಷ್ಟು ಕೆಳಗಿಳಿದಿವೆ ಎಂಬುದೊಂದನ್ನೇ ಗಮನಿಸಿದರೂ ಸಾಕು. ವಯಸ್ಸು ಹೆಚ್ಚಾದದ್ದು ಅದಕ್ಕೆ ಒಂದು ಕಾರಣ, ತನ್ನದೆಂದು ಆರಿಸಿಕೊಂಡದ್ದನ್ನು ಆಡುತ್ತಿದ್ದುದು ಇನ್ನೊಂದು ಕಾರಣ, ಮತ್ತು ನನ್ನ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡದು.

ನಿಮ್ಮ ಮಗಳ ವಿಷಯಕ್ಕೆ ಬರುವುದಾದರೆ, ಆ ತೀರ್ಪುಗಾರರು ಮತ್ತೆ ಸಿಕ್ಕಾಗ ಅವಳ ವಿಡಿಯೊ ಹಿಡಿದು ವಿನಯದಿಂದ ಕೇಳಿ: "ಪ್ರೌಢಿಮೆ ಇಲ್ಲ ಎಂದು ತಮಗೆ ಅನ್ನಿಸಿದ್ದು ಯಾವ ಜಾಗದಲ್ಲಿ?" ಅವರು "ಇಲ್ಲಿ, ಈ ತಿರುವಿನ ನಂತರ ಕೈ ಸತ್ತಿದೆ" ಎಂದೋ, "ಇಲ್ಲಿ ಸಂಗೀತ ನಿಂತಿದೆ, ಇವಳು ನಿಂತಿಲ್ಲ" ಎಂದೋ ಬೆರಳಿಟ್ಟು ತೋರಿಸಿದರೆ, ಅವರಿಗೆ ಕೈಮುಗಿದು ಆ ಜಾಗವನ್ನು ಕೋಚ್‌ಗೆ ತೋರಿಸಿ. "ಒಟ್ಟಾರೆ ಹಾಗನ್ನಿಸಿತು" ಎಂದರೆ ಆ ಮಾತನ್ನು ಮನೆಗೆ ತರಬೇಡಿ. ಮುಂದಿನ ಋತುವಿಗೆ ಸಂಗೀತ ಆರಿಸುವಾಗ ದೊಡ್ಡವರ ಪ್ರೇಮ, ವಿರಹಗಳ ಕಡೆಗೆ ಹೋಗದೆ, ಮಳೆ, ಆಟ, ಹಕ್ಕಿ, ಹಬ್ಬ, ಅಜ್ಜಿಯ ಮನೆ ಹೀಗೆ ಅವಳು ಕಂಡುಂಡ ಲೋಕದಿಂದ ನಾಲ್ಕೈದು ತುಣುಕುಗಳನ್ನು ಅವಳ ಮುಂದಿಟ್ಟು, ನೀವು ಪಕ್ಕದ ಕೋಣೆಗೆ ಹೋಗಿ. ಯಾವುದನ್ನು ಅವಳು ಎರಡನೆಯ ಸಲ ಹಾಕಿಕೊಳ್ಳುತ್ತಾಳೆ ಎಂಬುದು ಗೋಡೆಯ ಈಚೆಗೂ ಕೇಳಿಸುತ್ತದೆ.