ಪ್ರತಿಕ್ರಿಯೆ: ವೈರ್‌ಲೆಸ್ ಮೈಕಿಗೆ ರೀಚಾರ್ಜ್ ಸೆಲ್ ಹಾಕಬಹುದಾ?

ನಮಸ್ಕಾರ. ಪಿಟೀಲಿಗೆ ಹಾಕುವ ವೈರ್‌ಲೆಸ್ ಮೈಕಿಗೆ ಎರಡು ಎಎ ಸೆಲ್ ಬೇಕು, ರೀಚಾರ್ಜ್ ಸೆಲ್ಲಿನಲ್ಲಿ 1.2 ವೋಲ್ಟ್ ಅಂತಿದೆ, ಸಂಗೀತ ಕಛೇರಿ ಮಧ್ಯೆ ಕೈಕೊಡುತ್ತಾ ಅಂತ ಕೇಳಿದ್ದೀರಿ.

ಹೆದರಬೇಡಿ. ಮಾಮೂಲಿ ಆಲ್ಕಲೈನ್ ಸೆಲ್ 1.5ರಲ್ಲಿ ಶುರುವಾದರೂ ಬಳಸುತ್ತಾ ಇಳಿಯುತ್ತಲೇ ಹೋಗುತ್ತದೆ. ನೀವು ಕೇಳಿದ ರೀಚಾರ್ಜ್ ಸೆಲ್, ಅಂದರೆ ನಿಕಲ್ ಮೆಟಲ್ ಹೈಡ್ರೈಡ್ ಸೆಲ್, ಹೆಚ್ಚು ಹೊತ್ತು 1.2ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಕೊನೆಯಲ್ಲಿ ದಿಢೀರನೆ ಬೀಳುತ್ತದೆ. ತೊಂದರೆ ಇರೋದು ಮೈಕಿನ ಬ್ಯಾಟರಿ ಸೂಚಕದಲ್ಲಿ. ಅದು ಆಲ್ಕಲೈನ್ ಲೆಕ್ಕದಲ್ಲಿದ್ದರೆ ಸುಳ್ಳು ಹೇಳುತ್ತದೆ. ಕೆಲವು ಮೈಕಿನಲ್ಲಿ ಸೆಲ್ಲಿನ ಬಗೆ ಆರಿಸುವ ಸೆಟ್ಟಿಂಗ್ ಇರುತ್ತದೆ, ನೋಡಿ.

ನಾನು ಮೈಸೂರಿನಲ್ಲಿ ಸಣ್ಣ ಸ್ಟುಡಿಯೋ ನಡೆಸುತ್ತೇನೆ. ಗಣೇಶನ ಹಬ್ಬ, ದಸರಾ ಬಂತು ಅಂದ್ರೆ ಕಛೇರಿಗಳಿಗೂ ಓಡಾಟ. ಎನೆಲೂಪ್ ತರಹದ, ಚಾರ್ಜ್ ಬೇಗ ಸೋರದ ಸೆಲ್ಲನ್ನೇ ತಗೊಳ್ಳಿ. ಡಬ್ಬದ ಮೇಲೆ ವಿಪರೀತ ದೊಡ್ಡ ಎಂಎಎಚ್ (ಸೆಲ್ಲಿನಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬರೆದಿರುವ ಅಗ್ಗದ ಸೆಲ್ ಬೇಡ. 2000 ಆಸುಪಾಸು ಧಾರಾಳ ಸಾಕು.

ಯುಎಸ್‌ಬಿಯಲ್ಲಿ ಚಾರ್ಜ್ ಆಗುವ 1.5 ವೋಲ್ಟಿನ ಲಿಥಿಯಂ ಸೆಲ್ಲೂ ಸಿಗುತ್ತದೆ. ಆಸೆಪಟ್ಟು ನಾನೂ ತಂದಿದ್ದೆ. ಒಳಗಿನ ವೋಲ್ಟೇಜ್ ಇಳಿಸುವ ಸರ್ಕ್ಯೂಟಿನ ಸದ್ದು ಮೈಕಿಗೆ ಸೇರಿ, ತಂಬೂರಿ ಜೊತೆ ಸಣ್ಣಗೆ ಕೀಂಯ್ ಅಂತಿತ್ತು! ಈಗ ಅವು ಗೋಡೆ ಗಡಿಯಾರದಲ್ಲಿವೆ.

ಎರಡೂ ಸೆಲ್ ಒಂದೇ ಜೋಡಿಯವಾಗಿರಲಿ, ಹೊಸದು ಹಳೆಯದು ಬೆರೆಸಬೇಡಿ. ಪ್ರತಿ ಸೆಲ್ಲನ್ನೂ ಬೇರೆ ಬೇರೆ ಗಮನಿಸುವ ಚಾರ್ಜರ್ ಕೊಳ್ಳಿ. ಮನೆಯಲ್ಲಿ ಒಮ್ಮೆ ಫುಲ್ ಚಾರ್ಜ್ ಮಾಡಿ, ಎಷ್ಟು ಗಂಟೆ ಓಡುತ್ತೆ ಅಂತ ಗಡಿಯಾರ ಇಟ್ಟು ನೋಡಿ. ನೀವು ಮಂಡ್ಯದಿಂದ ಕಛೇರಿಗೆ ಹೊರಡುವಾಗ ಇನ್ನೊಂದು ಜೋಡಿ ಪಿಟೀಲಿನ ಪೆಟ್ಟಿಗೆಯಲ್ಲೇ ಇರಲಿ.